ಯಾವ ಕಿಟಕಿಯ ಪಕ್ಕ?

ಪ್ರಯಾಣಿಕರಲ್ಲಿ ಎರಡು ಪಂಗಡಗಳುಂಟು. ಕುಳಿತೊಡನೆ ಕಣ್ಣು ಮುಚ್ಚುವವರದು ಒಂದು. ಕುಳಿತೊಡನೆ ಕಿಟಕಿಯತ್ತ ಕತ್ತು ಚಾಚುವವರದು ಇನ್ನೊಂದು. ವಿಧಿಯ ವಿನೋದವೆಂದರೆ, ಕಿಟಕಿಯ ಪಕ್ಕದ ಸ್ಥಳ ಬಹುಮಟ್ಟಿಗೆ ಮೊದಲನೆಯ ಪಂಗಡದವರ ಪಾಲಿಗೇ ಬರುತ್ತದೆ. ಸಕಲೇಶಪುರದಿಂದ ಘಟ್ಟ ಇಳಿಯುವಷ್ಟು ಹೊತ್ತೂ ಕಿಟಕಿಯ ಸರಳಿಗೆ ತಲೆಯಾನಿಸಿ ಗೊರಕೆ ಹೊಡೆದ ಮಹನೀಯರೊಬ್ಬರು ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಎಚ್ಚೆತ್ತು, “ಘಟ್ಟ ಬಂತೇನ್ರೀ?” ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಎರಡನೆಯ ಪಂಗಡದವನಾದ ನಾನು ಅವರ ಹೆಗಲ ಮೇಲಿನಿಂದ ಇಣುಕಿ ನೋಡಿದ್ದಷ್ಟೇ ಲಾಭ.

ಈಚೆಗೆ ನಮ್ಮ ಕಾಲೇಜಿನ ಗಣಿತದ ಅಧ್ಯಾಪಕರು ನನ್ನನ್ನು ತಡೆದು ನಿಲ್ಲಿಸಿದರು. “ಮುಂದಿನ ತಿಂಗಳು ಮನೆಯವರೆಲ್ಲ ವಿಮಾನದಲ್ಲಿ ಮಂಗಳೂರಿಗೆ ಹೊರಟಿದ್ದೇವೆ. ಮಕ್ಕಳು ಕಿಟಕಿಗಾಗಿ ಈಗಲೇ ಜಗಳ ತೆಗೆದಿದ್ದಾರೆ. ನಿಮ್ಮ ಸಕಲೇಶಪುರ, ಆಲೂರಿನ ಗುಡ್ಡಗಳು ಯಾವ ಕಡೆಗೆ ಕಾಣುತ್ತವೆ, ಹೇಳಿಬಿಡಿ. ಆ ಕಡೆಯ ಸೀಟನ್ನೇ ಗೊತ್ತುಮಾಡುತ್ತೇನೆ” ಎಂದರು. ಪ್ರಶ್ನೆ ಸಣ್ಣದಲ್ಲ. ಟಿಕೆಟ್ ಕೊಳ್ಳುವಾಗ ವಿಮಾನದ ಹೊಟ್ಟೆಯ ಚಿತ್ರವನ್ನೇ ಬರೆದು ನಮ್ಮ ಮುಂದಿಡುತ್ತಾರೆ. ಕಾಲು ಚಾಚಲು ಎಲ್ಲಿ ಜಾಗವಿದೆ, ಎಲ್ಲಿ ಕುಳಿತರೆ ಎಷ್ಟು ಹೆಚ್ಚಿನ ಹಣ, ಶೌಚಾಲಯ ಎಷ್ಟು ದೂರ ಎಂಬುದೆಲ್ಲ ಆ ಚಿತ್ರದಲ್ಲಿದೆ. ಕಿಟಕಿಯ ಹೊರಗೆ ಏನಿದೆ ಎಂಬುದೊಂದು ಮಾತ್ರ ಇಲ್ಲ. ಅದಕ್ಕೆ ಹಳೆಯ ಶಾಲಾ ಭೂಪಟವೇ ಗತಿ.

ಭೂಪಟದ ಮೇಲೆ ದೇವನಹಳ್ಳಿಯಿಂದ ಬಜಪೆಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರವು ನೆಟ್ಟಗೆ ಪಶ್ಚಿಮಕ್ಕೆ, ಕೊಂಚವೇ ದಕ್ಷಿಣಕ್ಕೆ ವಾಲಿ ಸಾಗುತ್ತದೆ. ಬೇಲೂರಿಗೂ ಹಾಸನಕ್ಕೂ ನಡುವೆ ಹಾಯ್ದು, ಸಕಲೇಶಪುರದ ಉತ್ತರಕ್ಕೆ ಸ್ವಲ್ಪ ದೂರದಲ್ಲೇ ಘಟ್ಟವನ್ನು ದಾಟುತ್ತದೆ. ಆದುದರಿಂದ ಹಾಸನ, ಗೊರೂರಿನ ಹೇಮಾವತಿ ಜಲಾಶಯ, ಆಲೂರು, ಸಕಲೇಶಪುರ, ಅವುಗಳಾಚೆಗೆ ಬಿಸಿಲೆಯ ಕಾಡು, ಪುಷ್ಪಗಿರಿಯ ಸಾಲು, ಇವೆಲ್ಲ ಎಡಗಡೆಗೆ. ಚಿಕ್ಕಮಗಳೂರು, ಬಾಬಾ ಬುಡನ್‌ಗಿರಿಯ ಕುದುರೆಲಾಳದಂಥ ಶ್ರೇಣಿ, ನಮ್ಮ ರಾಜ್ಯದಲ್ಲೇ ಅತ್ಯಂತ ಎತ್ತರವಾದ ಮುಳ್ಳಯ್ಯನಗಿರಿ, ಮುಂದೆ ಕುದುರೆಮುಖ, ಇವು ಬಲಗಡೆಗೆ. ಒಂದು ಸಾಲಿನಲ್ಲಿ ಆರು ಜನ ಕೂಡುವ ವಿಮಾನಗಳಲ್ಲಿ ‘ಎ’ ಎಂಬುದು ಎಡಗಿಟಕಿ, ‘ಎಫ್’ ಎಂಬುದು ಬಲಗಿಟಕಿ. ನನ್ನ ಊರಿನ ಪಕ್ಷಪಾತವನ್ನು ಬದಿಗಿಟ್ಟು ಹೇಳುವುದಾದರೆ, ಎತ್ತರದ ಶಿಖರಗಳೇ ಬೇಕೆಂಬವರು ‘ಎಫ್’ ಹಿಡಿಯಲಿ. ಬದಿಗಿಡದೆ ಹೇಳುವುದಾದರೆ, ‘ಎ’. ಗಾಳಿ, ಮೋಡ, ನೆಲದಿಂದ ದಾರಿ ತೋರುವವರ ಅಪ್ಪಣೆ, ಇವುಗಳಿಂದ ವಿಮಾನವು ಆಚೀಚೆ ಸರಿಯಬಹುದೆಂಬುದನ್ನು ಮಾತ್ರ ಮರೆಯಬಾರದು. ನಮ್ಮ ದಾರಕ್ಕೆ ವಿಮಾನ ಕಟ್ಟುಬಿದ್ದಿಲ್ಲ.

ಬಿಸಿಲಿನ ಲೆಕ್ಕವೂ ಇದೆ. ಹಾಸನವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಉಳಿದ ಕಾಲದಲ್ಲೆಲ್ಲ ದಕ್ಷಿಣಕ್ಕೆ. ಅಂದರೆ ಡಿಸೆಂಬರಿನ ಸಂಜೆ ಮಂಗಳೂರಿಗೆ ಹಾರುವವರು ಎಡಗಿಟಕಿಯಲ್ಲಿ ಕುಳಿತರೆ ಸೂರ್ಯನು ಕಣ್ಣಿಗೇ ಹೊಡೆಯುತ್ತಾನೆ. ಬೆಟ್ಟಗಳು ಮಸಿಯ ಗೀಟುಗಳಾಗಿ ಬಿಡುತ್ತವೆ. ಬೆಳಗಿನ ವಿಮಾನದಲ್ಲಾದರೆ ಬಿಸಿಲು ಬೆನ್ನ ಹಿಂದಿನಿಂದ ಬರುತ್ತದೆ; ಪ್ರತಿಯೊಂದು ಕಣಿವೆಗೂ ಒಂದು ಪಕ್ಕ ಬೆಳಕು, ಒಂದು ಪಕ್ಕ ನೆರಳು. ರೆಕ್ಕೆಯ ಮೇಲಿನ ಸಾಲುಗಳನ್ನು ಬಿಟ್ಟು ಮುಂದೆಯೋ ತೀರ ಹಿಂದೆಯೋ ಕೂಡಬೇಕೆಂಬುದನ್ನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಯಾವ ಕಿಟಕಿಯೂ ಒಂದೇ. ಕಡಲಿನಿಂದ ಬಂದ ಮೋಡವು ಘಟ್ಟದ ಗೋಡೆಗೆ ಒತ್ತಿ ನಿಂತು, ಮೇಲಿನಿಂದ ನೋಡಿದವರಿಗೆ ಅರಳೆಯ ಅಂಗಡಿಯಂತೆ ಕಾಣುತ್ತದೆ, ಅಷ್ಟೆ.

ವಿಮಾನದಿಂದಲೇ ನೋಡಬೇಕಾದ ವಸ್ತುವೊಂದು ನಮ್ಮ ಕಡೆ ಇದೆಯೆಂದು ಯಾರಾದರೂ ವಾದಿಸಿದರೆ ಅದು ಮಂಜರಾಬಾದ್ ಕೋಟೆಯೇ ಸರಿ. ಟಿಪ್ಪು ಸುಲ್ತಾನನು 1792ರಲ್ಲಿ ದೋಣಿಗಲ್ಲಿನ ಬಳಿ ಗುಡ್ಡದ ನೆತ್ತಿಯ ಮೇಲೆ ಕಟ್ಟಿಸಿದ ಈ ಕೋಟೆಗೆ ಎಂಟು ಮೂಲೆಗಳ ನಕ್ಷತ್ರದ ಆಕಾರ. ಮೆಟ್ಟಲೇರಿ ಒಳಹೊಕ್ಕವರಿಗೆ ಕಾಣುವುದು ಗೋಡೆ, ಮೂಲೆ, ಮತ್ತೆ ಗೋಡೆ. ನಕ್ಷತ್ರವು ನಕ್ಷತ್ರವಾಗಿ ತೋರುವುದು ಆಕಾಶದಿಂದ ಮಾತ್ರ. ಆದರೆ ಮಂಗಳೂರಿನ ವಿಮಾನ ಹಾರುವ ಎತ್ತರದಿಂದ ಅದನ್ನು ಹುಡುಕುವುದೆಂದರೆ ಅಂಗಳದಲ್ಲಿ ಬಿದ್ದ ಎಳ್ಳುಕಾಳನ್ನು ಮಾಳಿಗೆಯಿಂದ ಹುಡುಕಿದಂತೆ. ಹೆಸರಾಂತ ಚಿತ್ರಗಳೆಲ್ಲ ಬಹಳ ಕೆಳಗಿನಿಂದ ತೆಗೆದವು. ಗಣಿತದ ಅಧ್ಯಾಪಕರ ಮಕ್ಕಳಿಗೆ ಇದನ್ನು ಮೊದಲೇ ತಿಳಿಸುವುದು ಕ್ಷೇಮ.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ನನಗೆ ನಮ್ಮ ದೊಡ್ಡಮ್ಮನ ನೆನಪಾಯಿತು. ದೊಡ್ಡಪ್ಪನವರ ಪತ್ನಿ, ಎಪ್ಪತ್ತು ದಾಟಿದೆ. ಆಕೆಯ ತವರು ಆಲೂರು ತಾಲ್ಲೂಕಿನ ಒಂದು ಹಳ್ಳಿ. ‘ಇತ್ತು’ ಎನ್ನಬೇಕು. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ತಿಯಾಯಿತು. ಹಿನ್ನೀರು ಹರಡಿಕೊಂಡು ಅನೇಕ ಹಳ್ಳಿಗಳ ಮನೆ, ಹೊಲ, ಗುಡಿಗಳನ್ನು ನುಂಗಿತು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುವುದನ್ನು ನೋಡಲು ಜನ ಕಾರು ಮಾಡಿಕೊಂಡು ಹೋಗುತ್ತಾರಲ್ಲ, ಅದೇ ನೀರು. ಇಗರ್ಜಿ ಗಟ್ಟಿಯಾಗಿ ಕಟ್ಟಿದ್ದು, ಇನ್ನೂ ನಿಂತಿದೆ. ದೊಡ್ಡಮ್ಮನ ತವರಿನ ಮಣ್ಣಿನ ಗೋಡೆ ಎಂದೋ ಕರಗಿಹೋಯಿತು.

ಒಂದು ನವೆಂಬರಿನಲ್ಲಿ ಮಂಗಳೂರಿನಲ್ಲಿರುವ ಮೊಮ್ಮಗಳ ಬಾಣಂತನಕ್ಕೆಂದು ಆಕೆಯನ್ನು ಕರೆದೊಯ್ಯುವ ಭಾರ ನನ್ನ ಮೇಲೆ ಬಿತ್ತು. ಮಗ ವಿಮಾನದ ಟಿಕೆಟ್ಟನ್ನೇ ತೆಗೆಸಿದ್ದ. ದೊಡ್ಡಮ್ಮನಿಗೆ ಬಂದದ್ದು ‘ಎಫ್’. ಎಡಗಡೆಯ ‘ಎ’ಯಲ್ಲಿ ಕುಳಿತಿದ್ದ ಹುಡುಗನಿಗೆ ವಿಷಯ ಹೇಳಿದೆ, ಪಾಪ, ಮರುಮಾತಿಲ್ಲದೆ ಎದ್ದುಬಂದ. ವಿಮಾನವೇರಿ ಅರ್ಧ ಗಂಟೆಯಾಗಿರಬೇಕು, ದೂರದಲ್ಲಿ ತಗಡಿನಂತೆ ಏನೋ ಹೊಳೆಯಿತು.

“ಅದೇನಪ್ಪಾ ಬೆಳ್ಳಗೆ? ಮೋಡವಾ?”

“ಅಲ್ಲ ದೊಡ್ಡಮ್ಮ, ನೀರು. ಗೊರೂರಿನ ಹಿನ್ನೀರು.”

ಆಕೆ ಹಣೆಯನ್ನು ಗಾಜಿಗೆ ಒತ್ತಿ ನೋಡಿದರು. ಕಣ್ಣೀರಿಡಬಹುದೆಂದು ನಾನು ಅಂಜಿದ್ದೆ; ಹಾಗೇನೂ ಆಗಲಿಲ್ಲ. ನೀರು ಬೆರಳುಗಳನ್ನು ಚಾಚಿದ ಹಾಗೆ ಕಣಿವೆ ಕಣಿವೆಗೂ ಹೊಕ್ಕಿತ್ತು. ದೊಡ್ಡಮ್ಮ ತಮ್ಮ ಬೆರಳಿನಿಂದ ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರು. “ಆ ಸಣ್ಣ ಕೈ ಇದೆಯಲ್ಲಾ, ಅದು ನಮ್ಮ ಹಳ್ಳದ್ದೇ ಇರಬೇಕು. ಅದರ ಆ ಮಗ್ಗುಲಿಗೆ ನಮ್ಮ ಗದ್ದೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಇಷ್ಟೇನಾ? ಇದನ್ನ ಸುತ್ತಿ ಆಚೆ ಊರಿಗೆ ಹೋಗಿ ಬರೋಕೆ ನಮ್ಮಪ್ಪನಿಗೆ ಒಂದು ದಿವಸ ಹಿಡೀತಿತ್ತು” ಎಂದರು. ಅಷ್ಟರಲ್ಲಿ ನೀರು ಹಿಂದೆ ಸರಿಯಿತು. ಎಲ್ಲ ಸೇರಿ ಮೂರು ನಾಲ್ಕು ನಿಮಿಷ. ಆಕೆ ತೋರಿಸಿದ ಬೆರಳು ಅದೇ ಹಳ್ಳದ್ದೋ ಅಲ್ಲವೋ, ಅದನ್ನು ಗೊತ್ತುಮಾಡುವ ಗೋಜಿಗೆ ನಾನು ಹೋಗಲಿಲ್ಲ. ಬಜಪೆಯಲ್ಲಿ ಇಳಿದ ಮೇಲೆ ಆಕೆ ಆಡಿದ ಮಾತು ಇಷ್ಟು: “ವಾಪಸ್ಸು ಬರುವಾಗ ರೈಲಲ್ಲಿ ಬರೋಣ ಕಣಪ್ಪ. ಹಗಲು ರೈಲು. ಇದರಲ್ಲಿ ಘಟ್ಟ ಇಳಿದದ್ದೇ ತಿಳೀಲಿಲ್ಲ.”

ನನ್ನ ಅಭಿಪ್ರಾಯವನ್ನು ಇಷ್ಟು ಸಂಕ್ಷೇಪವಾಗಿ ನಾನು ಎಂದೂ ಹೇಳಲಾರೆ. ವಿಮಾನದ ಕಿಟಕಿಯಿಂದ ದೇಶದ ಆಕಾರ ತಿಳಿಯುತ್ತದೆ. ಹಿನ್ನೀರಿನ ಕೈ ಎಷ್ಟು, ಬೆಟ್ಟದ ಸಾಲು ಎತ್ತ ತಿರುಗಿತು ಎಂಬುದು ತಿಳಿಯುತ್ತದೆ. ಇಳಿಜಾರು ಮಾತ್ರ ತಿಳಿಯುವುದಿಲ್ಲ. ಘಟ್ಟವೆಂದರೆ ಇಳಿಜಾರೇ ಅಲ್ಲವೆ? ಆದುದರಿಂದ, ಸಕಲೇಶಪುರದ ಬೆಟ್ಟಗಳನ್ನು ನೋಡಲೇಬೇಕೆಂದು ಹಟವಿರುವವರು ವಿಮಾನದ ‘ಎ’ಗಿಂತ ಹಗಲಿನ ರೈಲಿನಲ್ಲಿ ಒಂದು ಕಿಟಕಿಯನ್ನು ಸಂಪಾದಿಸಿಕೊಳ್ಳುವುದು ಮೇಲು. ಅಲ್ಲಿಯೂ ಎಡವೋ ಬಲವೋ ಎಂಬ ಪ್ರಶ್ನೆ ಇದ್ದೇ ಇದೆ. ಮತ್ತು ಅಲ್ಲಿ ಅದು ಇನ್ನಷ್ಟು ಕಠಿಣ.

ಹಾಸನ–ಮಂಗಳೂರು ರೈಲುಹಾದಿ ಪೂರ್ತಿಯಾದದ್ದೂ 1979ರಲ್ಲೇ. ಅಣೆಕಟ್ಟು ಮುಗಿದ ವರ್ಷವೇ ಘಟ್ಟಕ್ಕೆ ಗಾಡಿ ಬಂತು. ಆಗ ಅದು ಮೀಟರ್ ಗೇಜು. 1996ರಲ್ಲಿ ಬ್ರಾಡ್ ಗೇಜಿಗೆ ಬದಲಾಯಿಸಲೆಂದು ನಿಲ್ಲಿಸಿದ ಪ್ರಯಾಣಿಕರ ಗಾಡಿ ಮತ್ತೆ ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ಒಂದು ತಲೆಮಾರಿನ ಮಕ್ಕಳು ಶಿರಾಡಿಯ ಬಸ್ಸಿನಲ್ಲಿ ವಾಂತಿ ಮಾಡಿಕೊಂಡೇ ಧರ್ಮಸ್ಥಳಕ್ಕೆ ಹೋಗಿ ಬಂದರು.

ಹಾಸನ ಬಿಟ್ಟ ಗಾಡಿ ಆಲೂರು, ಬಾಳ್ಳುಪೇಟೆಗಳನ್ನು ಹಾಯ್ದು ಸಕಲೇಶಪುರ ಮುಟ್ಟುವವರೆಗೆ ಯಾವ ಕಿಟಕಿಯಾದರೂ ಆದೀತು. ಇಲ್ಲಿ ನೋಡತಕ್ಕದ್ದು ಬೆಟ್ಟವಲ್ಲ, ಬಯಲು ಮಲೆನಾಡಾಗುವ ಬಗೆ. ರಾಗಿಯ ಹೊಲ ಹಿಂದುಳಿದು ತಗ್ಗಿನಲ್ಲಿ ಗದ್ದೆ ಕಾಣಿಸಿಕೊಳ್ಳುತ್ತದೆ. ಗದ್ದೆಯ ಮೇಲಂಚಿನಲ್ಲಿ ಬಿದಿರು. ಬಿದಿರಿನ ಹಿಂದೆ ನೆಟ್ಟಗೆ ನಿಂತ ಸಿಲ್ವರ್ ಓಕ್ ಮರಗಳ ಸಾಲು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಡಿಯಲ್ಲಿ ಕಾಫಿ ಗಿಡ. ಮಾರ್ಚ್–ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂವಾಗುತ್ತದೆ. ಗಿಡಗಳೆಲ್ಲ ಏಕಕಾಲಕ್ಕೆ ಬಿಳುಪೇರಿ, ಮಲ್ಲಿಗೆಯನ್ನು ಹೋಲುವ ಕಂಪು ಡಬ್ಬಿಯೊಳಕ್ಕೇ ನುಗ್ಗುತ್ತದೆ, ಕಿಟಕಿ ತೆರೆಯುವಂಥದಾಗಿದ್ದರೆ. ಹೂವಿನ ಆಯುಸ್ಸು ಕೆಲವೇ ದಿನ; ಮುಂಗಡ ಟಿಕೆಟ್ ತೆಗೆಸಿ ಹಿಡಿಯುವ ವಸ್ತುವಲ್ಲ.

ಕಿಟಕಿ ತೆರೆಯುವಂಥದಾಗಿದ್ದರೆ ಎಂದೆ. ಇಲ್ಲೊಂದು ಮಾತು ಹೇಳಲೇಬೇಕು. 2021ರ ಜುಲೈಯಲ್ಲಿ ಯಶವಂತಪುರ–ಮಂಗಳೂರು ಹಗಲು ಗಾಡಿಗಳಿಗೆ ‘ವಿಸ್ಟಾಡೋಮ್’ ಎಂಬ ಬೋಗಿಗಳನ್ನು ಸೇರಿಸಿದರು. ನಲವತ್ತನಾಲ್ಕು ಆಸನಗಳು; ಗೋಡೆಯೂ ಗಾಜು, ಸೂರೂ ಗಾಜು; ಕುರ್ಚಿಯನ್ನು ಪೂರ್ತಿ ಹಿಂದುಮುಂದು ತಿರುಗಿಸಬಹುದು. ವೈಭವವೇನೋ ನಿಜ, ಎಡಬಲದ ಜಗಳವನ್ನೂ ಅದು ಮುಕ್ಕಾಲುಪಾಲು ತೀರಿಸಿದೆ. ಆದರೆ ಅದರೊಳಗೆ ಘಟ್ಟಕ್ಕೆ ವಾಸನೆಯಿಲ್ಲ, ಸದ್ದಿಲ್ಲ. ನೀರು ಬೀಳುವುದು ಕಾಣುತ್ತದೆ, ಕೇಳುವುದಿಲ್ಲ. ಎರಡನೆಯ ದರ್ಜೆಯ ಸರಳುಕಿಟಕಿಯ ಪಕ್ಕ ಕುಳಿತವನ ಮುಖಕ್ಕೆ ನಾಲ್ಕು ಹನಿ ಸಿಡಿಯುತ್ತವೆ. ಹಿಂದಿನ ಸೀಟಿನ ಮುದುಕಿ “ಕಿಟಕಿ ಹಾಕಪ್ಪ” ಎಂದು ಗದರಿಸುತ್ತಾಳೆ. ಕಡಿಮೆ ದುಡ್ಡಿನ ಕಿಟಕಿಯೇ ಹೆಚ್ಚು ತೋರಿಸುವ ಅಪರೂಪದ ಸಂದರ್ಭಗಳಲ್ಲಿ ಇದೊಂದೆಂದು ನನ್ನ ಮತ.

ಸಕಲೇಶಪುರದ ಬಳಿ ಗಾಡಿ ಹೇಮಾವತಿಯನ್ನು ದಾಟುತ್ತದೆ. ಈ ನೀರು ಪೂರ್ವದ ಹಾದಿ ಹಿಡಿದು ಗೊರೂರಿಗೆ, ಅಲ್ಲಿಂದ ಮುಂದೆ ಕಾವೇರಿಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗತಕ್ಕದ್ದು. ಸ್ವಲ್ಪವೇ ಮುಂದೆ, ದೋಣಿಗಲ್ಲಿನ ಆಚೆ, ಹಳಿಯ ಪಕ್ಕದ ಸಣ್ಣ ಝರಿಯೂ ಪಶ್ಚಿಮಕ್ಕೆ ಮುಖಮಾಡಿರುತ್ತದೆ. ಅದು ಕೆಂಪುಹೊಳೆಗೆ, ಗುಂಡ್ಯದ ಹೊಳೆಯಾಗಿ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಅಲ್ಲಿಂದ ಅರಬ್ಬೀ ಸಮುದ್ರಕ್ಕೆ. ನಡುವೆ ಇರುವುದು ಕೆಲವು ಕಿಲೋಮೀಟರಿನ ನೆಲ. ಒಂದೇ ಮೋಡದ ಎರಡು ಹನಿಗಳು ಇಲ್ಲಿ ಬೇರೆ ಬೇರೆ ಸಮುದ್ರಗಳ ಪಾಲಾಗುತ್ತವೆ.

ಈಗ ಕಿಟಕಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಘಟ್ಟದಲ್ಲಿ ಹೊಳೆ ಯಾವ ಕಡೆಗಿದೆಯೋ ಆ ಕಡೆಯ ಕಿಟಕಿಯೇ ಕಿಟಕಿ. ಶಿರಾಡಿಯ ಹೆದ್ದಾರಿಗೂ ರೈಲುಹಳಿಗೂ ನಡುವೆ ಕೆಂಪುಹೊಳೆಯ ಕಣಿವೆಯಿದೆ. ಹೆದ್ದಾರಿ ಅದರ ವಾಯವ್ಯಕ್ಕೆ, ಹಳಿ ಆಗ್ನೇಯಕ್ಕೆ. ಆದುದರಿಂದ ಮಂಗಳೂರಿಗೆ ಇಳಿಯುವವರಿಗೆ ಕಣಿವೆ ಬಹುಪಾಲು ಬಲಕ್ಕೆ. ಬೆಂಗಳೂರಿಗೆ ಏರುವವರಿಗೆ ಎಡಕ್ಕೆ. ಇನ್ನೊಂದು ಪಕ್ಕದಲ್ಲಿ ಕುಳಿತವರಿಗೆ ಕಡಿದ ಬಂಡೆ, ಬಂಡೆಯ ಮೇಲಿನ ಪಾಚಿ, ಜರಿಗಿಡ, ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ಸುರಿಯುವ ನೀರು. ಮಳೆಗಾಲದಲ್ಲಿ ಅದೂ ಅಲಕ್ಷಿಸತಕ್ಕ ನೋಟವಲ್ಲ. ಬೆಳಗಿನ ಗಾಡಿಯಲ್ಲಿ ಇಳಿಯುವವರಿಗೆ ಸೂರ್ಯನ ಸಹಾಯವೂ ಉಂಟು: ನಡುಹಗಲಿಗೆ ಮುಂಚೆ ಚಳಿಗಾಲದ ಬಿಸಿಲು ಆಗ್ನೇಯದಿಂದ, ಅಂದರೆ ಎಡಗಡೆಯಿಂದ ಬರುತ್ತದೆ, ಬಲಗಡೆಯ ಕಣಿವೆ ದೀಪ ಹಿಡಿದು ತೋರಿಸಿದಂತೆ ಬೆಳಗುತ್ತದೆ. ಮಧ್ಯಾಹ್ನದ ಮೇಲೆ ಏರಿ ಬರುವವರಿಗೆ ಅದೇ ಬಿಸಿಲು ಕಣಿವೆಯ ಕಡೆಯಿಂದ ಎದುರಾಗುತ್ತದೆ. ಆಗ ಹಸಿರು ಕಪ್ಪಾಗಿ, ಮಂಜು ಮಾತ್ರ ಹೊನ್ನಾಗಿ ಕಾಣುತ್ತದೆ. ಎರಡನ್ನೂ ನೋಡಿದವನು ಯಾವುದು ಮೇಲೆಂದು ಹೇಳಲು ಹಿಂಜರಿಯುತ್ತೇನೆ.

ಉತ್ತರ ಸಿಕ್ಕಿತೆಂದು ಹಿಗ್ಗುವ ಮುನ್ನ ಒಂದು ತೊಡಕನ್ನು ಗಮನಿಸಬೇಕು. ಟಿಕೆಟ್ಟಿನ ಮೇಲಿನ ಅಂಕಿಯಿಂದ ಕಿಟಕಿ ಯಾವುದೆಂದು ತಿಳಿಯಬಹುದು, ಯಾವ ಕಡೆಯದೆಂದು ತಿಳಿಯಲಾಗದು. ಮಲಗುವ ಡಬ್ಬಿಯಲ್ಲಿ 1, 4, 9, 12 ಹೀಗೆ ಬರುವವು ಒಂದು ಪಕ್ಕದ ಕೆಳಗಿನ ಸ್ಥಳಗಳು. 7, 15, 23 ಹೀಗೆ ಎಂಟೆಂಟು ಕೂಡಿಸುತ್ತ ಹೋದರೆ ಓಣಿಯಾಚೆಯ ಒಂಟಿಕಿಟಕಿಗಳು. ಆದರೆ ಡಬ್ಬಿಯನ್ನು ಯಾವ ತುದಿ ಮುಂದಾಗಿ ಜೋಡಿಸಿದ್ದಾರೆ ಎಂಬುದರ ಮೇಲೆ ಈ ಎರಡು ಸಾಲುಗಳಲ್ಲಿ ಯಾವುದು ಬಲ, ಯಾವುದು ಎಡ ಎಂಬುದು ನಿಂತಿದೆ. ಅದನ್ನು ಗಣಿತದ ಅಧ್ಯಾಪಕರೂ ಮನೆಯಲ್ಲಿ ಕುಳಿತು ಬಿಡಿಸಲಾರರು. ದೊಡ್ಡ ಸಂಸಾರಕ್ಕೆ ನನ್ನ ಸಲಹೆ: ಎರಡು ಕಡೆಯಲ್ಲೂ ಒಂದೊಂದು ಕಿಟಕಿ ಹಿಡಿಯಿರಿ, ಬಂಡೆಯ ಪಾಲು ಬಂದವರಿಗೆ ಅರ್ಧ ದಾರಿಯಲ್ಲಿ ಕಣಿವೆಯ ಪಾಲು ಬಿಟ್ಟುಕೊಡಿ. ಅರ್ಧ ದಾರಿ ಎಂದರೆ ಎಡಕುಮರಿಯೆಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗಗಳು. ಸಣ್ಣವು ದೊಡ್ಡವು ಸೇರಿ ಇನ್ನೂರಕ್ಕೂ ಮಿಕ್ಕ ಸೇತುವೆಗಳು. ಸಮುದ್ರಮಟ್ಟಕ್ಕೆ ಸುಮಾರು 900 ಮೀಟರ್ ಎತ್ತರದಲ್ಲಿ ಹೊರಟ ಗಾಡಿ ಐವತ್ತಕ್ಕೆ ಒಂದರಂತೆ ಇಳಿಯುತ್ತದೆ. ಅಂದರೆ ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಕ್ಕೆ. ಮನೆಯ ಅಂಗಳದಲ್ಲಿ ಇದು ನೀರು ಹರಿದುಹೋಗಲಿ ಎಂದು ಇಡುವ ವಾಟ. ಸಾವಿರಾರು ಟನ್ನಿನ ಗಾಡಿಗೆ ಇದು ಕಡಿದಾದ ಇಳಿಜಾರು. ಆದುದರಿಂದಲೇ ಘಟ್ಟದಲ್ಲಿ ಗಾಡಿಗಳಿಗೆ ಹೆಚ್ಚಿನ ಎಂಜಿನುಗಳನ್ನು ಕಟ್ಟುತ್ತಾರೆ, ಹೊರಡುವ ಮುಂಚೆ ಬ್ರೇಕುಗಳನ್ನು ಪರೀಕ್ಷಿಸುತ್ತಾರೆ, ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ನಡೆಸುತ್ತಾರೆ. ಕಿಟಕಿಯ ಪಂಗಡದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಸುರಂಗವೊಂದರೊಳಗೆ ಹೊಕ್ಕಾಗ ಕಿಟಕಿಯು ಕನ್ನಡಿಯಾಗಿ ನಮ್ಮ ಮುಖವನ್ನೇ ತೋರಿಸುತ್ತದೆ, ಮಕ್ಕಳು ಕೂಗುತ್ತಾರೆ, ಮರುಕ್ಷಣ ಹೊರಬಿದ್ದಾಗ ಕಾಲಡಿಯಲ್ಲಿ ನೆಲವೇ ಇಲ್ಲ, ಸೇತುವೆ! ಕಣಿವೆಯಾಚೆ ಹೆದ್ದಾರಿಯ ಲಾರಿಗಳು ಇರುವೆಗಳಂತೆ ಹರಿಯುತ್ತಿರುತ್ತವೆ. ಮಕ್ಕಳಿಗೆ ಸುರಂಗಗಳನ್ನು ಎಣಿಸಲು ಹೇಳಿ. ಐವತ್ತೇಳು ಎಂಬ ಉತ್ತರ ಯಾರಿಗೂ ಬರುವುದಿಲ್ಲ. ಅದರ ಮೇಲೆ ಇನ್ನೊಂದು ಜಗಳ. ಬಾಗಿಲಲ್ಲಿ ನೇತಾಡುತ್ತ ಎಣಿಸುವ ತರುಣರಿಗೆ ಮಾತ್ರ ನನ್ನ ಅನುಮೋದನೆಯಿಲ್ಲ. ಸುರಂಗದ ಗೋಡೆ ಬಹಳ ಹತ್ತಿರ. 2025ರ ಕೊನೆಗೆ ಘಟ್ಟದ ವಿದ್ಯುದೀಕರಣ ಮುಗಿದ ಮೇಲೆ ಹಳಿಯ ಪಕ್ಕಕ್ಕೆ ಕಂಬಗಳೂ ಬಂದಿವೆ.

ನಡುವಿನ ನಿಲ್ದಾಣಗಳಾದ ಕಡಗರವಳ್ಳಿ, ಎಡಕುಮರಿ, ಸಿರಿಬಾಗಿಲುಗಳಲ್ಲಿ ಗಾಡಿ ಎದುರು ಗಾಡಿಗಾಗಿ ಕಾಯುವುದುಂಟು. ಎಡಕುಮರಿಯ ಸುತ್ತ ಕಾಡಲ್ಲದೆ ಊರಿಲ್ಲ. ಆ ಹೊತ್ತಿನಲ್ಲಿ ಕಿಟಕಿಯ ಹೊರಗೆ, ಹಳಿಯ ಪಕ್ಕದ ಜಲ್ಲಿಯ ಮೇಲೆ, ಸುತ್ತಿಗೆ ಕೀಲಿಗಳನ್ನು ಹೆಗಲಿಗೇರಿಸಿ ನಿಂತ ಮನುಷ್ಯನೊಬ್ಬ ಕಾಣಸಿಗುತ್ತಾನೆ. ಗ್ಯಾಂಗ್‌ಮನ್ನು. ಮಳೆಗಾಲದ ರಾತ್ರಿಗಳಲ್ಲಿ ಇವರು ದೀಪ ಹಿಡಿದು ಹಳಿಯ ಉದ್ದಕ್ಕೂ ನಡೆದು, ಎಲ್ಲಿ ಮಣ್ಣು ಜಾರಿದೆ, ಎಲ್ಲಿ ಬಂಡೆ ಉರುಳಿದೆ ಎಂದು ನೋಡಿ ಬರಬೇಕು. ನಾವು ಒಳಗಿನಿಂದ ಹೊರಕ್ಕೆ ನೋಡಿದರೆ ಅವರು ಹೊರಗಿನಿಂದ ಒಳಕ್ಕೆ ನೋಡುತ್ತಾರೆ. ಗಾಜಿನ ಬೋಗಿಯಲ್ಲಿ ಕಾಲುಚಾಚಿ ಕುಳಿತವರನ್ನು ನೋಡಿ ಅವರಿಗೆ ಏನನ್ನಿಸೀತೋ!

ಈ ಬೆಟ್ಟಗಳು ನಮ್ಮ ನೋಟಕ್ಕಾಗಿ ಅಲುಗಾಡದೆ ನಿಂತಿವೆಯೆಂದು ಬಗೆಯಬಾರದು. 2018ರ ಆಗಸ್ಟಿನ ಮಳೆಗೆ ಘಟ್ಟದ ಅನೇಕ ಕಡೆ ಗುಡ್ಡ ಕುಸಿದು ಗಾಡಿಗಳು ವಾರಗಟ್ಟಲೆ ನಿಂತವು. 2024ರ ಜುಲೈ 26ರಂದು ಕಡಗರವಳ್ಳಿ–ಎಡಕುಮರಿಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ರಸ್ತೆಯ ಅನುಕೂಲವಿಲ್ಲದ ಆ ಎಡೆಗೆ ಕಲ್ಲುಮಣ್ಣನ್ನು ಹಳಿಯ ಮೇಲೆಯೇ ಸಾಗಿಸಿ, ಸುರಿಯುವ ಮಳೆಯಲ್ಲಿ ದುರಸ್ತಿ ಮಾಡಿದರು. 2025ರ ಜೂನ್‌ನಿಂದ ವಿದ್ಯುದೀಕರಣ ಮತ್ತು ಸುರಕ್ಷತೆಯ ಕೆಲಸಕ್ಕೆಂದು ಹಗಲಿನ ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದರು. ಆ ದಿನಗಳಲ್ಲಿ ಕರಾವಳಿಗೆ ಹೋದವರೆಲ್ಲ ರಾತ್ರಿಯ ಗಾಡಿಯಲ್ಲಿ, ಕತ್ತಲಲ್ಲಿ, ಐವತ್ತೇಳು ಸುರಂಗಗಳೂ ಒಂದೇ ಸುರಂಗವೆಂಬಂತೆ ಹಾದುಹೋದರು. ಹಗಲು ಗಾಡಿ ಇಂಥ ದಿನ ಇದೆಯೇ ಎಂಬುದನ್ನು ವಿಚಾರಿಸಿಕೊಂಡೇ ಹೊರಡಬೇಕು. ಎಡಬಲದ ವಿಚಾರ ಆಮೇಲಿನದು.

ಇನ್ನು ಝರಿಗಳ ವಿಷಯ. ಪಶ್ಚಿಮಕ್ಕೆ ಇಳಿಯುವ ಈ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಹರಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಸಕಲೇಶಪುರ ತಾಲ್ಲೂಕಿನಲ್ಲಿ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಒಂದು ಸಲ ನೀರಿಗೆ ಮನೆ ಬಿಟ್ಟುಕೊಟ್ಟವರ ಪಕ್ಕದಲ್ಲಿ ಕುಳಿತು ಆ ಕಾಡಿನಲ್ಲಿ ಮಲಗಿಸಿದ ಕೊಳವೆಗಳ ಮಾತನ್ನಾಡುವುದು ನನಗೆ ಸುಲಭವಾಗಲಿಲ್ಲ. ದೊಡ್ಡಮ್ಮ ಏರಿ ಬರುವಾಗ ಎಡಗಿಟಕಿಯಲ್ಲಿ ಕುಳಿತು ಕಣಿವೆಯ ನೀರನ್ನೇ ನೋಡುತ್ತಿದ್ದರು. “ಈ ನೀರು ಗೊರೂರಿಗೆ ಬರಲ್ವಾ?” ಎಂದು ಕೇಳಿದರು. ಇಲ್ಲ, ಇದು ಮಂಗಳೂರಿನ ಸಮುದ್ರಕ್ಕೆ ಹೋಗುತ್ತದೆ ಎಂದೆ. “ಹೋಗಲಿ ಬಿಡು, ಅದರ ದಾರಿ ಅದು ಹಿಡೀಲಿ” ಎಂದು ಹೇಳಿ, ಮಗ ಕಟ್ಟಿಸಿಕೊಟ್ಟಿದ್ದ ಚಕ್ಕುಲಿಯ ಡಬ್ಬಿಯನ್ನು ಬಿಚ್ಚಿದರು.

ಗಣಿತದ ಅಧ್ಯಾಪಕರಿಗೆ ಹೀಗೆ ತೀರ್ಮಾನ ಕೊಟ್ಟಿದ್ದೇನೆ: ಹೋಗುವಾಗ ಹಗಲು ರೈಲು, ಬಲಗಡೆ; ಬರುವಾಗ ಬೇಕಾದರೆ ವಿಮಾನ. ಬರುವಾಗ ಎಡಬಲಗಳು ಅದಲುಬದಲಾಗುವುದರಿಂದ ಗೊರೂರು, ಆಲೂರುಗಳಿಗೆ ‘ಎಫ್’ ಹಿಡಿಯಬೇಕು. ಅವರು ಇದನ್ನು ಕಾಗದದ ಮೇಲೆ ಬರೆದುಕೊಂಡರು. ಮಕ್ಕಳಿಬ್ಬರು, ಬಲಗಿಟಕಿ ಒಂದೇ ಸಿಕ್ಕರೆ ಏನು ಮಾಡುವುದೆಂದು ಕೇಳಿದರು. ಎಡಕುಮರಿಯ ಸೂತ್ರವನ್ನು ಹೇಳಿಕೊಟ್ಟೆ.

ಸುಬ್ರಹ್ಮಣ್ಯ ರೋಡ್ ಬಂದೊಡನೆ ಘಟ್ಟದ ಎಂಜಿನುಗಳನ್ನು ಬಿಡಿಸುತ್ತಾರೆ. ನೆಟ್ಟಣದ ಸೆಕೆ ಒಳನುಗ್ಗುತ್ತದೆ; ಸಕಲೇಶಪುರದಲ್ಲಿ ಹಾಕಿಕೊಂಡ ಸ್ವೆಟರುಗಳು ಒಂದೊಂದಾಗಿ ಚೀಲ ಸೇರುತ್ತವೆ. ಕುಕ್ಕೆಗೆ ಹೋಗುವ ಭಕ್ತರು ಗಂಟುಮೂಟೆಗಳೊಡನೆ ಇಳಿದುಬಿಡುತ್ತಾರೆ. ಎರಡೂ ಕಡೆಯ ಕಿಟಕಿಗಳು ಖಾಲಿ. ಇಲ್ಲಿಂದ ಮುಂದೆ ಅಡಕೆ ತೋಟ, ರಬ್ಬರು ತೋಟ. ಕಬಕ ಪುತ್ತೂರಿನವರೆಗೆ ಯಾರು ಎಲ್ಲಿ ಬೇಕಾದರೂ ಕೂಡಬಹುದು.